ಸುಳ್ಳು ದಿಕ್ಕು ತೋರಿಸಿದವನು

"ನೀನೇನಾ ವಾಲ್ದೆಮಾರ್?"

ಕಾವಲು ಗೋಪುರದ ಬಾಗಿಲನ್ನು ಕಾಲಿನಿಂದಲೇ ತಳ್ಳಿ ಒಳಗೆ ನುಗ್ಗಿದ್ದಳು ದಿಯೊಲಿಂಡಾ. ಗುಡ್ಡ ಹತ್ತಿ ಮೈಯೆಲ್ಲ ಬೆವರು, ಕಣ್ಣಲ್ಲಿ ಕೆಂಡದಂಥ ಕೋಪ.

ದುರ್ಬೀನಿನಿಂದ ಕಣ್ಣು ತೆಗೆದು ಅವನು ತಿರುಗಿದ. ಈ ಬೇಸಿಗೆಯೆಲ್ಲ ರೇಡಿಯೊದಲ್ಲಿ ಅವಳು ನಡೆಸುವ ಪ್ರವಾಸಿ ದೋಣಿಗೆ ತಿಮಿಂಗಿಲಗಳ ದಾರಿ ಹೇಳುತ್ತಿದ್ದ ದನಿಗೆ ಇವತ್ತು ಮೊದಲ ಸಲ ಮುಖ ಸಿಕ್ಕಿತ್ತು.

ಮುಖವೂ ದನಿಯ ಹಾಗೇ ಮೆತ್ತಗಿದೆಯಲ್ಲ... ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೂ ಸಿಟ್ಟು ಬಂತು.

"ಕೂತ್ಕೊಳ್ಳಿ, ಸುಸ್ತಾಗಿದೀರಿ."

"ಕೂರೋಕೆ ಬಂದಿಲ್ಲ. ಬೆಳಿಗ್ಗೆಯಿಂದ ಪೂರ್ವಕ್ಕೆ ಹೋಗು, ಇನ್ನೂ ಪೂರ್ವಕ್ಕೆ ಹೋಗು ಅಂದೆ. ಒಂದು ಬಾಲದ ತುದೀನೂ ಕಾಣಲಿಲ್ಲ. ತಿಮಿಂಗಿಲ ನೋಡೋಕೆ ಬಂದ ಜನ ದೋಣಿ ತುಂಬ ವಾಂತಿ ಮಾಡ್ಕೊಂಡು ನನಗೇ ಬೈದ್ರು. ಇನ್ನೊಂದ್ಸಲ ಖಾಲಿ ಬಂದ್ರೆ ಚುಕ್ಕಾಣಿ ಬಿಡು ಅಂತ ದೋಣಿ ಯಜಮಾನ ಅಬಿಲಿಯೊ ಹೇಳಿದ್ದು ನಿಂಗೆ ಗೊತ್ತಿತ್ತು ತಾನೇ?"

"ಗೊತ್ತಿತ್ತು."

"ತಿಮಿಂಗಿಲ ಇಲ್ಲ ಅಂದ್ರೆ ಇಲ್ಲ ಅನ್ನಬೇಕಿತ್ತು."

"ಇತ್ತು. ಪಶ್ಚಿಮದಲ್ಲಿ."

ಅವಳು ಮುಷ್ಟಿ ಬಿಗಿದು ಒಂದು ಹೆಜ್ಜೆ ಮುಂದಿಟ್ಟಳು. ಅಂದರೆ ಬೇಕೆಂದೇ... ಬೇರೆ ದೋಣಿಯವರ ಜೊತೆ ಸೇರಿಕೊಂಡನೇ ಇವನು?

ವಾಲ್ದೆಮಾರ್ ಪಕ್ಕಕ್ಕೆ ಸರಿದ. "ಒಮ್ಮೆ ನೋಡಿ. ಆಮೇಲೆ ಬೇಕಾದ್ರೆ ಹೊಡೀರಿ."

ಹಲ್ಲು ಕಚ್ಚಿಕೊಂಡೇ ಅವಳು ದುರ್ಬೀನಿಗೆ ಕಣ್ಣಿಟ್ಟಳು. ಪಶ್ಚಿಮದ ಬಂಡೆಗಳಿಂದ ಸ್ವಲ್ಪ ಆಚೆ ಒಂದು ದೊಡ್ಡ ಬೆನ್ನು ತೇಲುತ್ತಿತ್ತು. ಅದಕ್ಕೆ ಅಂಟಿಕೊಂಡು ಒಂದು ಪುಟ್ಟ ಬೆನ್ನು. ಮರಿ ಮುಳುಗಿದಾಗಲೆಲ್ಲ ತಾಯಿ ಮೂತಿಯಿಂದ ಎತ್ತಿ ಉಸಿರಾಡಿಸುತ್ತಿತ್ತು.

"ಬೆಳಿಗ್ಗೆ ನೀರು ಕೆಂಪಾಯ್ತು, ಆಮೇಲೆ ಆಗಷ್ಟೇ ಹುಟ್ಟಿದ ಮರಿ ಕಾಣಿಸ್ತು," ಅಂದ. "ನಾನು ರೇಡಿಯೊದಲ್ಲಿ ಹೇಳೋದು ಪಿಕೊ ದ್ವೀಪದ ಎಲ್ಲ ದೋಣಿಗೂ ಕೇಳುತ್ತೆ. ಪಶ್ಚಿಮ ಅಂದಿದ್ರೆ ಎಲ್ಲರೂ ಅಲ್ಲಿಗೆ ನುಗ್ತಿದ್ರು. ನೀವು ಎಲ್ಲಿ ಹೋದ್ರೂ ಅವರು ನಿಮ್ಮ ಹಿಂದೇನೇ ಬರ್ತಾರೆ. ಅದಕ್ಕೇ ನಿಮ್ಮನ್ನ ಪೂರ್ವಕ್ಕೆ ಕಳಿಸ್ದೆ."

"ನನ್ನನ್ನ ಉಪಯೋಗಿಸ್ಕೊಂಡೆ."

"ಹೌದು. ತಪ್ಪಾಯ್ತು."

ವಾದ ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಹೀಗೆ ಒಪ್ಪಿಕೊಂಡರೆ ಉರಿಯುವ ಕೋಪವನ್ನು ಎಲ್ಲಿ ಹಾಕುವುದು?

"ನಾಳೆಯಿಂದ ನಾನೇನು ಮನೇಲಿ ಕೂತು ಮೀನು ಉಪ್ಪಿಗೆ ಹಾಕಲಾ?"

"ಬೇಡ. ತಪ್ಪು ನಂದು ಅಂತ ಆಗ್ಲೇ ಅಬಿಲಿಯೊಗೆ ಫೋನ್ ಮಾಡ್ದೆ. ಚುಕ್ಕಾಣಿ ನಿಮ್ಮ ಹತ್ರಾನೇ ಇರುತ್ತೆ. ಗೋಪುರದಲ್ಲಿ ಮಾತ್ರ ನಾಳೆಯಿಂದ ನಾನಿರಲ್ಲ, ಬೇರೆಯವರು ಬರ್ತಾರೆ."

ಅವಳಿಗೆ ಖುಷಿಯಾಗಬೇಕಿತ್ತು. ಆದರೆ ಆಗಲಿಲ್ಲ. ನಾಳೆ ದೋಣಿ ಬಿಟ್ಟಾಗ ರೇಡಿಯೊದಲ್ಲಿ ಇನ್ಯಾರೋ ಮಾತಾಡುತ್ತಾರೆ... ಕಾಫಿ ಕುಡಿದಿರಾ ಎಂದು ಯಾರೂ ಕೇಳುವುದಿಲ್ಲ.

"ಯಾರನ್ನ ಕೇಳಿ ಫೋನ್ ಮಾಡ್ದೆ?" ಅವಳು ಕೂಗಿದಳು. "ನಿಂಗೆ ಬೇಕಾದ ಹಾಗೆ ಕಳಿಸ್ತೀಯ, ನಿಂಗೆ ಬೇಕಾದ ಹಾಗೆ ಹೋಗ್ತೀಯ. ನಾನೇನು ಮರದ ಬೊಂಬೆನಾ? ನಿನ್ನ ದನಿ ಕೇಳೋಕೇ ದಿನಾ ಸಮುದ್ರಕ್ಕೆ ಹೋಗ್ತಿದ್ದೆ ಕಣೋ, ಮೂರ್ಖ."

ಹೇಳಿದ ಮೇಲೆ ತಾನು ಹೇಳಿದ್ದೇನು ಎಂದು ಅವಳಿಗೆ ತಿಳಿಯಿತು.

ವಾಲ್ದೆಮಾರ್ ರೇಡಿಯೊ ಕಡೆ ಕಣ್ಣು ಹಾಯಿಸಿದ. "ನಾನೂ ಹೇಳಬೇಕು ಅಂತಿದ್ದೆ. ಅದನ್ನೂ ಎಲ್ಲರೂ ಕೇಳಿಸ್ಕೊಳ್ತಾರಲ್ಲ ಅಂತ..."

ದಿಯೊಲಿಂಡಾ ಅವನ ತೋಳು ಹಿಡಿದು ಬಾಗಿಲ ಕಡೆ ಎಳೆದಳು. "ನಡಿ ಕೆಳಗೆ. ನೀನಿಲ್ದೆ ನಾನೂ ಚುಕ್ಕಾಣಿ ಹಿಡಿಯಲ್ಲ, ಹೊಸಬರನ್ನ ಹುಡುಕೋದಾದ್ರೆ ಅಬಿಲಿಯೊ ಇಬ್ಬರನ್ನ ಹುಡುಕಲಿ."

"ಇನ್ನೂ ಸಿಟ್ಟಾ?"

"ತುಂಬಾ."

"ಯಾವಾಗ ಇಳಿಯುತ್ತೆ?"

"ಸದ್ಯಕ್ಕಂತೂ ಇಲ್ಲ. ಹತ್ತಿರಾನೇ ಇದ್ದು ನೋಡ್ತಾ ಇರು..."