ಕ್ಷಣ ಮೊದಲಿನ ಕಾರು

ಯಂತ್ರದ ಬಾಯಿಂದ ಮೊದಲು ಹೊರಬಂದದ್ದು ಕಾರಿನ ಮೂತಿ, ಅದರ ಮೇಲೊಂದು ಚೆಂಡುಹೂವಿನ ಹಾರ. ಹಾರ ಈಗಷ್ಟೇ ಕಟ್ಟಿದಷ್ಟು ತಾಜಾ ಆಗಿತ್ತು. ಆ ಹೂವು ಕಸದ ಚೀಲ ಸೇರಿ ಮೂರು ವಾರವಾಗಿತ್ತೆಂಬುದು ಇಂದುಮತಿ ಹುಕ್ಕೇರಿಯವರಿಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ಬಾಗಿಲು ಬಂತು. ಮನೆಯ ಗೇಟಿಗೆ ತಾಗಿಸಿ ತಾವೇ ಮಾಡಿದ್ದ ಗೀರು ಅದರ ಮೇಲಿತ್ತು.

"ಅಯ್ಯ, ಇದೂ ಬಂತಲ್ರೀ!" ಎಂದರು ಇಂದುಮತಿ.

"ಬರಬೇಕಲ್ರೀ ಅಕ್ಕಾರ. ಕರಾರಿನ್ಯಾಗ ಹಂಗ ಐತಿ," ಎಂದು ನಕ್ಕರು ಡಾ. ಜುಬೇದಾ ಮುಲ್ಲಾ. ಹುಬ್ಬಳ್ಳಿಯ ಆ ವಿಮಾ ಕೇಂದ್ರದಲ್ಲಿದ್ದ ಯಂತ್ರವನ್ನು ಕಂಡುಹಿಡಿದ ವಿಜ್ಞಾನಿ ಅವರು. ಇಂದುಮತಿ ಮೂವತ್ತೈದು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಟೀಚರನ್ನು ಅಕ್ಕಾರ ಎಂದು ಕರೆಯುವ ಊರಿನಲ್ಲಿ ಆ ಹೆಸರು ನಿವೃತ್ತಿಯಾದ ಮೇಲೂ ಬಿಡುವುದಿಲ್ಲ.

ಒಂದು ಕಾಲದಲ್ಲಿ ಕಾರು ಪೂರ್ತಿ ಜಜ್ಜಿಹೋದರೆ ಮಾಲೀಕನಿಗೂ ವಿಮಾ ಕಂಪನಿಗೂ ಜಗಳ ಹತ್ತುತ್ತಿತ್ತು. ಕಾರಿನ ಬೆಲೆ ಇಷ್ಟೇ ಎಂದು ಇವರು, ಅಷ್ಟಿತ್ತು ಎಂದು ಅವರು. ಪೂರ್ವಸ್ಥಿತಿ ಯಂತ್ರ ಬಂದ ಮೇಲೆ ಆ ಗೊಡವೆಯೇ ತಪ್ಪಿತು. ಉಕ್ಕು, ಗಾಜು, ರಬ್ಬರು, ಬಟ್ಟೆ, ಎಲ್ಲವೂ ತಮ್ಮ ಮೇಲೆ ಬಿದ್ದ ಬಲದ ಗುರುತನ್ನು ಕಣಕಣದಲ್ಲಿ ಉಳಿಸಿಕೊಂಡಿರುತ್ತವೆ. ಜುಬೇದಾ ಅದಕ್ಕೆ 'ವಸ್ತುಸ್ಮೃತಿ' ಎಂದು ಹೆಸರಿಟ್ಟಿದ್ದರು. ಯಂತ್ರ ಆ ಸ್ಮೃತಿಯನ್ನು ಕೊನೆಯಿಂದ ಹಿಂದಕ್ಕೆ ಓದಿ, ಜಜ್ಜಿದ ಕಾರನ್ನು ಅಪಘಾತಕ್ಕೆ ಒಂದು ಕ್ಷಣ ಮೊದಲು ಹೇಗಿತ್ತೋ ಹಾಗೆ ಕಟ್ಟಿಕೊಡುತ್ತಿತ್ತು. ಜೀವವಿದ್ದವರನ್ನು ಬಿಟ್ಟು ಒಳಗಿದ್ದ ಸಕಲ ಸಾಮಾನೂ ವಾಪಸು. ಒಂದು ಕೂದಲೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಇಂದುಮತಿಗೆ ಕಾರಿನ ಚಿಂತೆ ಇರಲಿಲ್ಲ. ಅವರ ಎದೆಯ ಮೇಲೆ ಕೂತಿದ್ದದ್ದು ಮೇಜಿನ ಮೇಲಿದ್ದ ಒಂದು ಹಾಳೆ. 'ಬ್ರೇಕ್ ಒತ್ತಿಲ್ಲ. ಚಾಲಕಿಯ ತಪ್ಪು' ಎಂದು ಕಂಪನಿ ಅದರಲ್ಲಿ ಬರೆದಿತ್ತು. ಸಹಿ ಹಾಕಿದರೆ ಕಾರು ಕೈಗೆ ಬರುತ್ತದೆ. ಆದರೆ ಅರವತ್ತು ದಾಟಿದವರ ಹೆಸರಿನಲ್ಲಿ ಒಂದೇ ಒಂದು ತಪ್ಪು ದಾಖಲಾದರೂ ಚಾಲನಾ ಪರವಾನಗಿ ರದ್ದು. ನಲವತ್ತನೆಯ ವಯಸ್ಸಿನಲ್ಲಿ ಊರವರ ನಗೆ ಕೇಳಿಸಿಕೊಂಡೇ ಕಲಿತ ವಿದ್ಯೆ ಅದು. ಸಂಜೆ ಕಾರು ತೆಗೆದುಕೊಂಡು ಮನಸ್ಸು ಬಂದತ್ತ ಒಬ್ಬರೇ ಹೋಗಿ ಬರುವ ಸುಖ ಇನ್ನಿಲ್ಲವೆಂದರೆ ಅವರಿಗೆ ಅಳುವೇ ಬರುತ್ತಿತ್ತು.

"ಬ್ರೇಕ್ ತುಳಿದ್ನಿರೀ. ಅದು ಕೆಳಗ ಇಳೀಲಿಲ್ಲ," ಎಂದರು, ಮೂರು ವಾರದಲ್ಲಿ ನೂರನೆಯ ಸಲ.

"ಈಕಿ ತುಳದದ್ದು ಆಕ್ಸಿಲರೇಟರ್ ರೀ ಡಾಕ್ಟರ," ಎಂದು ಬಾಯಿ ಹಾಕಿದರು ಪತಿ ಬಸಲಿಂಗಪ್ಪ. ಆಯುಧಪೂಜೆಯ ಮರುದಿನ ಉಣಕಲ್ ಇಳಿಜಾರಿನಲ್ಲಿ ಕಾರು ದೀಪದ ಕಂಬಕ್ಕೆ ಗುದ್ದಿದಾಗ ಅವರು ಪಕ್ಕದಲ್ಲೇ ಕೂತಿದ್ದರು. ಮುರಿದ ಎಡಗೈ ಇನ್ನೂ ಪಟ್ಟಿಯಲ್ಲಿತ್ತು. ಅದನ್ನು ತೋರಿಸಿ ಬೀಗರು ಬಿಜ್ಜರಿಗೆಲ್ಲ ಇದೇ ಕಥೆ ಹೇಳಿ ಮುಗಿಸಿದ್ದರು. "ವಯಸ್ಸಾತು. ಇನ್ನ ನಾ ಈಕಿ ಬಾಜೂ ಕೂಡಂಗಿಲ್ಲ. ಏ, ಸುಮ್ಮ ಸಹಿ ಮಾಡ ಮಾರಾಯ್ತಿ."

ಇಂದುಮತಿ ಹಾಳೆಯನ್ನು ಹತ್ತಿರ ಎಳೆದುಕೊಂಡರು. ಪೆನ್ನು ತೆಗೆದರು. ತೆಗೆದವರು ಸಹಿ ಹಾಕದೆ, ಹುಡುಗರ ಉತ್ತರಪತ್ರಿಕೆ ನೋಡುವ ಗತ್ತಿನಲ್ಲಿ ವಿಜ್ಞಾನಿಯ ಕಡೆ ತಿರುಗಿದರು.

"ಡಾಕ್ಟರ, ಇದು ಗುದ್ದೂಕಿಂತ ಒಂದು ಕ್ಷಣ ಮೊದಲಿನ ಕಾರು, ಹೌದಿಲ್ಲೋ?"

"ಹೌದ್ರೀ."

"ಆ ಕ್ಷಣದಾಗ ಬ್ರೇಕ್ ಇಳೀಲಿಲ್ಲ ಅಂತ ನಾ ಅಂತೀನಿ. ಹಂಗಾರ ಈಗೂ ಇಳೀಬಾರದು. ಇಳದ್ರ ನಂದ ತಪ್ಪು. ಸಹಿ ಮಾಡ್ತೀನಿ."

ಜುಬೇದಾ ತಬ್ಬಿಬ್ಬಾದರು. ಎಂಟು ನೂರು ಕಾರು ಕಟ್ಟಿದ್ದರೂ ಯಾರೂ ಈ ಮಾತು ಕೇಳಿರಲಿಲ್ಲ. ಎಲ್ಲರೂ ಹೊಳಪು ನೋಡಿ ಕೀಲಿ ತೆಗೆದುಕೊಂಡು ಹೋದವರೇ. ಅವರು ಬಾಗಿಲು ತೆರೆದು, "ಕಾರು ಪೂರ್ತಿ ಬಂದೈತಿ. ಕೂತು ತುಳೀರಿ," ಎಂದರು.

ಇಂದುಮತಿ ಒಳಗೆ ಕೂತರು. ಅರ್ಧ ತಿಂದ ಶೇಂಗಾ ಪೊಟ್ಟಣ, ಕಳೆದುಹೋಗಿದ್ದ ಕನ್ನಡಕದ ಡಬ್ಬಿ, ಎಲ್ಲ ಇದ್ದಲ್ಲೇ ಇದ್ದವು. ಬ್ರೇಕ್ ತುಳಿದರು. ಪೆಡಲು ಅರ್ಧ ಬೆರಳಷ್ಟು ಇಳಿದು ನಿಂತುಬಿಟ್ಟಿತು. ಇನ್ನೊಮ್ಮೆ ತುಳಿದರು. ಊಹೂಂ.

"ನೋಡ್ರಿ!" ಎಂದು ಕೂಗಿದರು.

ಜುಬೇದಾ ಬಗ್ಗಿ, ಪೆಡಲಿನ ಹಿಂದೆ ಕೈ ತೂರಿಸಿ ಎಳೆದರು. ಅಂಗೈಯಲ್ಲಿ ಒಂದು ನಿಂಬೆಹಣ್ಣು ಬಂತು. ಗಟ್ಟಿಮುಟ್ಟಾದ, ಹಸಿರು ಬಿಡದ ಹಣ್ಣು. ಮೇಲೆ ಕುಂಕುಮದ ಬೊಟ್ಟು.

ಆಯುಧಪೂಜೆಯ ದಿನ ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು ಇಟ್ಟು ಕಾರು ಹಾಯಿಸಿದ್ದು ಗಂಡಹೆಂಡಿರಿಬ್ಬರಿಗೂ ನೆನಪಿತ್ತು. ಐದನೆಯದನ್ನು ದೃಷ್ಟಿಯಾಗದಿರಲಿ ಎಂದು ಸ್ಟಿಯರಿಂಗಿನ ಮುಂದೆ, ಗಾಜಿನ ಬುಡದಲ್ಲಿ ಇಟ್ಟವರು ಯಾರೆಂಬುದನ್ನು ಹೇಳಬೇಕಾಗಿರಲಿಲ್ಲ. ಇಳಿಜಾರಿನ ತಿರುವಿನಲ್ಲಿ ಅದು ಕೆಳಗುರುಳಿ ಪೆಡಲಿನ ಹಿಂದೆ ಸೇರಿತ್ತು. ಗುದ್ದಿದ ಏಟಿಗೆ ಅಪ್ಪಚ್ಚಿಯಾಗಿತ್ತು. ಕಂಪನಿಯಿಂದ ಪರೀಕ್ಷೆಗೆ ಬಂದವರು ಅದರ ಸಿಪ್ಪೆಯನ್ನು ಹೂವಿನ ಜೊತೆ ಪೂಜೆಯ ಕಸವೆಂದು ಗುಡಿಸಿ ಚೀಲಕ್ಕೆ ತುಂಬಿ ಕಾರಿನಲ್ಲೇ ಇಟ್ಟಿದ್ದರು. ಯಂತ್ರಕ್ಕೆ ಪೂಜೆ, ಕಸ ಎಂಬ ಭೇದ ತಿಳಿಯದು. ಚೀಲ ಸಮೇತ ಓದಿ, ಇದ್ದದ್ದನ್ನು ಇದ್ದಲ್ಲೇ ಇಟ್ಟಿತ್ತು.

ಬಸಲಿಂಗಪ್ಪನವರ ಮುಖ ಇಳಿದುಹೋಯಿತು. "ನಿನ್ನ ಸಲುವಾಗಿನ ಇಟ್ಟಿದ್ನಲ್ಲ," ಎಂದರು ಮೆಲ್ಲಗೆ. "ತಪ್ಪಾತು, ಇಂದೂ. ಮಂದಿ ಮುಂದ ಏನೇನರ ಅಂದಬಿಟ್ನಿ."

ಜುಬೇದಾ ಹಾಳೆಯ ಮೇಲಿನ ಸಾಲನ್ನು ಹೊಡೆದುಹಾಕಿ, 'ಚಾಲಕಿಯ ತಪ್ಪಿಲ್ಲ' ಎಂದು ಬರೆದರು. ಜಗಳ ನಿಲ್ಲಿಸಲೆಂದು ಮಾಡಿದ ಯಂತ್ರ ಇನ್ನು ಮುಂದೆ ಎಷ್ಟು ಮನೆಗಳ ನ್ಯಾಯ ಬಿಡಿಸಬೇಕಾದೀತೋ ಎಂದು ಅವರಿಗೆ ಆಗಲೇ ದಿಗಿಲಾಗಿತ್ತು. ಸುದ್ದಿ ಹಬ್ಬಿತು. ಮುಂದಿನ ತಿಂಗಳಿಂದ ಕಾರು ಬೇಡ, ಆ ಕ್ಷಣವನ್ನಷ್ಟೇ ತೋರಿಸಿ ಎಂದು ಗಂಡಹೆಂಡಿರು, ಅಪ್ಪಮಕ್ಕಳು ಸಾಲುಗಟ್ಟಿ ಬರತೊಡಗಿದರು.

ಅಂದು ಮಾತ್ರ ಇಂದುಮತಿ ಸಹಿ ಹಾಕಿ, ಕೀಲಿ ತಿರುಗಿಸಿ, ಎಡಗಡೆಯ ಬಾಗಿಲು ತೆರೆದರು. ಬಸಲಿಂಗಪ್ಪ ಬಂದು ಕೂತರು. ಇಂದುಮತಿ ನಿಂಬೆಹಣ್ಣನ್ನು ಅವರ ಬಲಗೈಯಲ್ಲಿಟ್ಟು ಬೆರಳು ಮುಚ್ಚಿದರು.

"ಗಟ್ಟಿ ಹಿಡಕೋರಿ. ಮನಿ ಮುಟ್ಟೂತನಕ ಬಿಡಬ್ಯಾಡ್ರಿ."

ಉಣಕಲ್ ಇಳಿಜಾರಿನಲ್ಲಿ ಬಸಲಿಂಗಪ್ಪನವರಿಗೆ ಮೂಗು ತುರಿಸಿತು, ಎಡಗೈ ಪಟ್ಟಿಯಲ್ಲಿತ್ತು. ಆದರೂ ಅವರು ಕೈ ಬಿಚ್ಚಲಿಲ್ಲ.