ನಿಂತ ಮಗ್ಗದ ಸದ್ದು

"ಅಕ್ಕಾರ, ಸತ್ತಾಕಿ ಮಾತಾಡಾಕತ್ತಾಳ್ರಿ!"

ರಂಜನಾ ಹೀಗೆನ್ನುತ್ತಾ ನೀಲಗಂಗವ್ವನ ಪಡಸಾಲೆಗೆ ನುಗ್ಗಿದಾಗ ಮೊಹಸಿನ ಬಾಯಿಗಿಟ್ಟ ಮಿರ್ಚಿ ಭಜಿಯನ್ನು ಹಾಗೇ ಕೈಗೆ ತೆಗೆದುಕೊಂಡ. ಬೆಟಗೇರಿಯಲ್ಲಿ ಟಂಟಂ ಆಟೊ ಓಡಿಸುವ ಅವನು, ಪೊಲೀಸ್ ನೌಕರಿ ಮುಗಿಸಿ ಪತ್ತೇದಾರಿಕೆಗಿಳಿದ ನೀಲಗಂಗವ್ವನಿಗೆ ಸಾರಥಿ, ಜೊತೆಗಾರ, ಬೈಸಿಕೊಳ್ಳುವವ, ಎಲ್ಲವೂ. ಕಳ್ಳರೆಂದರೆ ಅಂಜದ ಗಂಡಸು. ದೆವ್ವವೆಂದರೆ ಮಾತ್ರ ಪುಕ್ಕಲ.

ರಂಜನಾಳ ಹೊಸ ಉದ್ಯಮದ ಹೆಸರು 'ಅಜ್ಜಿ'. ಬಾಣಂತಿಯರು ಫೋನಿಗೆ ಪ್ರಶ್ನೆ ಕಳಿಸಿದರೆ ಮುದುಕಿಯ ದನಿಯಲ್ಲಿ ಉತ್ತರ ಬರುತ್ತಿತ್ತು. ಜನ ಅದನ್ನು ಮಷೀನೆಂದೇ ತಿಳಿದಿದ್ದರು. ಆದರೆ ಮಷೀನು ಇನ್ನೂ ಹುಟ್ಟಿರಲೇ ಇಲ್ಲ!

"ರೊಕ್ಕಾ ಸುರದು ಮಷೀನ್ ಕಟ್ಟೂಕಿಂತ ಮೊದಲ, ಮಂದಿಗೆ ಇದು ಬೇಕೈತೋ ಇಲ್ಲೋ ಸಣ್ಣದಾಗಿ ಮಾಡಿ ನೋಡೂದು, ತಪ್ಪಿದ್ದನ್ನ ತಿದ್ದಕೋತ ಹೋಗೂದು. ಇದಕ್ಕ ಲೀನ್ ಪದ್ಧತಿ ಅಂತಾರ್ರಿ," ಎಂದಳು ರಂಜನಾ. "ಅದಕ್ಕ ನೇಕಾರ ಓಣಿ ದ್ಯಾಮವ್ವಜ್ಜಿ ಮಗ್ಗದಾಗ ನೇಯ್ಕೋತ ಕುಂತು ಉತ್ತರಾ ಹೇಳ್ತಿದ್ಲು. ಕೂಸಿನ ಹೆಸರು ಮೊದಲ ಕೇಳಾಕಿ, ಆಮ್ಯಾಲೆ ಮಾತು. ಆಕಿ ಹೇಳಿದ್ದೆಲ್ಲಾ ರೆಕಾರ್ಡ್ ಆಗಿ ನಮ್ಮ ಪಾಲುದಾರ ಸುನಿಲಕುಮಾರನ ಲ್ಯಾಪ್‌ಟಾಪ್‌ನಾಗಷ್ಟ ಐತಿ, ಮುಂದ ಮಷೀನಿಗೆ ಕಲಿಸಾಕ. ಹೋದ ವಾರ ಅಜ್ಜಿ ತೀರಿಕೊಂಡ್ಲು, ಸೇವಾ ನಿಲ್ಲಿಸಿದ್ವಿ. ಇವತ್ತ ನೋಡಿದ್ರ ಬೆಳ್ಳಟ್ಟಿ ಊರಿನ ಬಾಣಂತಿ ಶೈಲಾಗ ಅಜ್ಜಿ ದನಿ ಹೋಗೈತಿ!"

ಅವಳು ಫೋನನ್ನು ಮುಂದೆ ಹಿಡಿದಳು.

"ಅಂಜಬ್ಯಾಡವ್ವಾ. ಮೈ ಬೆಚ್ಚಗಿದ್ರ ಏನಾಗಂಗಿಲ್ಲ. ಎದಿಹಾಲು ಕುಡಸು, ಸಾಕು." ದನಿಯ ಹಿಂದೆ ಮಗ್ಗ ಆಡುತ್ತಿತ್ತು. ಖಟಕ್, ಖಟಕ್. ಮೊಹಸಿನನ ಮೈಮೇಲೆ ಮುಳ್ಳೆದ್ದವು.

"ಹಸಿಗೂಸಿಗೆ ಜ್ವರಾ ಏರಾಕತ್ತೈತ್ರಿ. ದವಾಖಾನಿಗೆ ಹೋಗು ಅಂದ್ರ ಶೈಲಾ, 'ನೀ ಯಾರು? ನಾ ಅಜ್ಜಿ ಮಾತಷ್ಟ ಕೇಳ್ತೀನಿ' ಅಂತಾಳ." ರಂಜನಾ ಅಳತೊಡಗಿದಳು.

"ನಡೀಲೇ ಮೊಹಸಿನ, ದ್ಯಾಮವ್ವನ ಮನಿಗೆ. ಸುನಿಲಕುಮಾರನ್ನೂ ಅಲ್ಲಿಗೇ ಕರೀರಿ," ಎಂದು ನೀಲಗಂಗವ್ವ ಎದ್ದಳು.

ಹಾಡಹಗಲೇ ಆ ಮನೆ ಕತ್ತಲೆಗಟ್ಟಿತ್ತು. ಮಗ್ಗದ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ಮೊಹಸಿನ ಹೊಸ್ತಿಲು ದಾಟಿದ್ದೇ ತಡ, ಒಳಗಿನಿಂದ ಫೋನಿನಲ್ಲಿ ಕೇಳಿದ ಅದೇ ದನಿ ಬಂತು: "ಯಾರವ್ವಾ ಅದು?"

"ಯಾ ಅಲ್ಲಾ!" ಎಂದು ಅವನು ನೀಲಗಂಗವ್ವನ ಬೆನ್ನ ಹಿಂದೆ ಅಡಗಿದ.

ಹೊರಗೆ ಬಂದವಳು ಸೊಸೆ ದೇವವ್ವ. ಅಷ್ಟರಲ್ಲಿ ಬಂದು ತಲುಪಿದ್ದ ಸುನಿಲಕುಮಾರ ಬೆರಳು ತೋರಿಸಿದ. "ಕೇಳಿದ್ರಿಲ್ಲೋ? ಅತ್ತಿ ದನಿ ಥೇಟ್ ತಗೀತಾಳ. ಅಜ್ಜಿ ಫೋನೂ ಈಕಿ ಕಡೀಗೇ ಐತಿ."

"ಅತ್ತಿ ಕೂಡ ಬಾಳಿ ಬಾಳಿ ಬಂದ ದನಿರಿ ಇದು, ಕದ್ದದ್ದಲ್ಲ," ಎಂದು ದೇವವ್ವ ಕಣ್ಣೊರೆಸಿಕೊಂಡಳು.

"ಮಗ್ಗ ಯಾವಾಗಿಂದ ನಿಂತೈತವ್ವಾ?" ನೀಲಗಂಗವ್ವ ಕೇಳಿದಳು.

"ಅತ್ತಿ ಉಸಿರು ನಿಂತಾಗಿಂದ. ಸೂತಕ ಕಳಿಯೂತನಾ ನಮ್ಮ ಮನಿತನದಾಗ ಮಗ್ಗ ಮುಟ್ಟಂಗಿಲ್ಲ. ಓಣ್ಯಾಗ ಉಳದದ್ದೂ ಇದೊಂದ ಕೈಮಗ್ಗ."

ನೀಲಗಂಗವ್ವ ಎಲ್ಲರನ್ನೂ ಮಗ್ಗದ ಸುತ್ತ ಕೂಡಿಸಿದಳು.

"ದೇವವ್ವ ಈಗ ಮಾತಾಡಿದ್ರ ಹಿಂದ ಮಗ್ಗದ ಸದ್ದು ಎಲ್ಲಿಂದ ಬರಬೇಕು? ಅಂದಮ್ಯಾಲೆ ಅದು ಅಜ್ಜಿ ಬದುಕಿದ್ದಾಗಿನ ಮಾತು. ಇನ್ನ, ಕೂಸಿನ ಹೆಸರು ಕೇಳದ ಮಾತಾಡದಾಕಿ ಈ ಸಲ ಹೆಸರೇ ಕೇಳಿಲ್ಲ. ಯಾರದೋ ಕೂಸಿಗೆ ಹೇಳಿದ ಉತ್ತರಾ ಕತ್ತರಿಸಿ ಶೈಲಾಗ ಕಳಿಸ್ಯಾರ. ಹಳೀ ಮಾತು ಇದ್ದದ್ದು ಒಬ್ಬನ ಕಡೆ. ಹೌದಲ್ಲೋ ಸುನಿಲಕುಮಾರ?"

ಅವನ ಮುಖ ಬಿಳಿಚಿತು. "ಬಂದ್ ಆದ್ರ ಮಂದಿ ನಮ್ಮನ್ನ ಮರೀತಾರ್ರಿ. ಹಳೀ ಉತ್ತರಾ ನಡೀತಾವೇನು ಅಂತ ಪರೀಕ್ಷಾ ಮಾಡಿದೆ. ಲೀನ್ ಅಂದ್ರ ಅದ ಅಲ್ಲೇನ್ರಿ?"

"ಹಸಿಗೂಸಿನ ಮ್ಯಾಲೆ ಪರೀಕ್ಷಾ ಮಾಡಿದೆಲ್ಲೋ, ನಾಚಿಕಿ ಇಲ್ಲದವನ!" ನೀಲಗಂಗವ್ವ ಗದರಿದಳು.

"ದೇವವ್ವ ಈಗ ಅಜ್ಜಿ ಆಗಿ ಮಾತಾಡಲಿ, ಶೈಲಾ ನಂಬ್ತಾಳ," ಎಂದ ಸುನಿಲಕುಮಾರ ಗಡಬಡಿಸಿ.

"ಇನ್ನೊಂದು ಸುಳ್ಳು ಬ್ಯಾಡ," ಎಂದಳು ರಂಜನಾ.

ದೇವವ್ವ ತಾನೇ ಫೋನು ಹಚ್ಚಿದಳು. "ಶೈಲಾ, ಅಜ್ಜಿ ಮಷೀನಲ್ಲ, ನಮ್ಮತ್ತಿ; ಆಕಿ ಸತ್ತಾಳವ್ವಾ. ನಾ ಆಕಿ ಸೊಸಿ. ನಿನ್ನ ಕೂಸಿನ ಹೆಸರೇನು?"

ಆ ಕಡೆ ಶೈಲಾ ಬಿಕ್ಕಿದಳು. "ಇನ್ನೂ ಇಟ್ಟಿಲ್ರಿ."

"ಇಡಬೇಕಲ್ಲಾ? ಏಳು, ಈಗಿಂದೀಗ ದವಾಖಾನಿಗೆ ನಡಿ."

ಸಂಜೆಯ ತನಕ ಯಾರೂ ಆ ಮನೆ ಬಿಟ್ಟು ಕದಲಲಿಲ್ಲ. ಕಡೆಗೆ ಫೋನು ಬಂತು. ಕೂಸನ್ನು ಭರ್ತಿ ಮಾಡಿಕೊಂಡಿದ್ದರು, ಜ್ವರ ಇಳಿಯುತ್ತಿತ್ತು. "ಫೋನ್ ಅದರ ಬಾಯಿ ಹತ್ರ ಹಿಡಿಯವ್ವಾ," ಎಂದಳು ದೇವವ್ವ.

ಮುಸುಕು ಹೊದ್ದ ಮಗ್ಗದ ಮುಂದೆ ಫೋನಿನಲ್ಲಿ ಆ ಕೂಸು ಕಿರುಚಿ ಕಿರುಚಿ ಅತ್ತಿತು. ಮೊಹಸಿನನಿಗೆ ಆಗ ಒಂದಿಷ್ಟೂ ಅಂಜಿಕೆಯಾಗಲಿಲ್ಲ.