ತೋಪು ಕೇಳದ ಮೈಕು

ಗುರುಸಿದ್ದಯ್ಯನವರು ಪೂಜೆ ಮುಗಿಸುವವರೆಗೂ ದೇವಿರಮ್ಮ ಒಂಟಿಕೊಪ್ಪಲಿನ ಆ ಮೈಕ್‌ಸೆಟ್ ಅಂಗಡಿಯ ಮೆಟ್ಟಿಲು ಬಿಟ್ಟು ಕದಲಲಿಲ್ಲ. ಅವರ ಸೊಸೆ ವಾಣಿ ಕೊಟ್ಟ ಕಾಫಿ ಕೈಯಲ್ಲೇ ಆರಿತ್ತು. ವಾಣಿಯ ಮಾವನದು ನಲವತ್ತು ವರ್ಷ ಹರಿಕತೆ, ಮದುವೆಗಳಿಗೆ ಮೈಕು ಕಟ್ಟಿದ ಕಿವಿ. ಬಡಾವಣೆಯಲ್ಲಿ ಏನು ಕೇಡಾದರೂ ಜನ ಆ ಕಿವಿಯನ್ನು ಹುಡುಕಿಕೊಂಡು ಬರುತ್ತಿದ್ದರು.

"ನನ್ ಮಗ ಮಹೇಶನ್ನ ಪೊಲೀಸ್ನೋರು ಇಡ್ಕೊಂಡೋಗ್ಬುಟ್ರು ಸ್ವಾಮಿ. ಆ ಹುಡ್ಗಿ ಕೈ ಅವ್ನೇ ಜಜ್ಜಿದ್ದು ಅಂತಾರೆ. ಅಭ್ಯಾಸದ ಕೋಣೆ ಬೀಗದ ಕೈ ಅವನತ್ರ ಇತ್ತಂತೆ, ಅಷ್ಟೇ."

ಕೆಳಗಿನ ಸ್ವರದ ಬೇಸ್ ಗಿಟಾರ್ ನುಡಿಸುವ ವರ್ಷಿಣಿ ಸೋಮವಾರ ಬನ್ನಿಮಂಟಪದ ಅಭ್ಯಾಸದ ಕೋಣೆಯಲ್ಲಿ, ಹೊಸ್ತಿಲ ಬಳಿ ಕೂತು ವೈರು ಸುತ್ತುತ್ತಿದ್ದಾಗ ಯಾರೋ ಹೊರಗಿನಿಂದ ಶಟರ್ ಎಳೆದಿದ್ದರು. ಎಡಗೈಯ ನಾಲ್ಕು ಬೆರಳು ಅಡಿಯಲ್ಲಿ ಸಿಕ್ಕಿದ್ದವು. ಅಷ್ಟು ಸಾಲದೆಂಬಂತೆ ಶಟರಿನ ಹಿಡಿಯ ಮೇಲೆ ಕಾಲಿಟ್ಟು ತುಳಿದಿದ್ದರು.

"ಮುಖ ಕಾಣ್ಲಿಲ್ಲ ತಾತ," ಎಂದಳು ವರ್ಷಿಣಿ, ಆಸ್ಪತ್ರೆಗೆ ಬಂದ ಮಾವನಿಗೆ. "ಅರಮನೆ ಹತ್ರ ದಸರಾ ಆನೆಗಳು ಬೆದರದ ಹಾಗೆ ತೋಪಿನ ತಾಲೀಮು ನಡೀತಿತ್ತು. ಮೂರನೇ ಸದ್ದಾಯ್ತು, ಶಟರ್ ಬಿತ್ತು."

ಅವಳಿಗೆ ಬೇಸ್ ಕಲಿಸಿದ ಗುರು ಯೋಗೇಂದ್ರನ ಸ್ಟುಡಿಯೋ ಇದ್ದದ್ದು ರಾಜೀವನಗರದಲ್ಲಿ. ದಸರಾ ವೇದಿಕೆಯಲ್ಲಿ ಹತ್ತು ವರ್ಷದಿಂದ ಅವನದಾಗಿದ್ದ ಜಾಗ ಈ ಸಲ ಶಿಷ್ಯೆಗೆ ಹೋಗಿತ್ತು.

"ಆ ಹೊತ್ತಲ್ಲಿ ಇಲ್ಲೇ ರೆಕಾರ್ಡ್ ಮಾಡ್ತಿದ್ದೆ ಸಾರ್, ಒಂದು ಗಂಟೆ," ಎಂದು ಅವನು ಕಂಪ್ಯೂಟರಿನಲ್ಲಿ ತಾರೀಖು, ವೇಳೆ ತೋರಿಸಿದ. ಮಾವ ಪೂರ್ತಿ ಕೇಳಿದರು.

"ಇದು ಗಿಟಾರಿಂದ ನೇರ ವೈರೆಳೆದು ಲೈನಲ್ಲಿ ತಗೊಂಡಿದ್ದೋ, ಮೈಕಲ್ಲೋ?"

ಯೋಗೇಂದ್ರ ನಕ್ಕ. "ಲೈನು ಸ್ಟೇಜಿಗೆ ಸಾರ್. ಅಲ್ಲಿ ಡ್ರಮ್ಮಿನ ಗಲಾಟೆಯೆಲ್ಲ ಮೈಕಿಗೆ ನುಗ್ಗುತ್ತೆ. ಸ್ಟುಡಿಯೋದಲ್ಲಿ ಆಂಪ್ ಸ್ಪೀಕರ್ ಮುಂದೆ ಈ ದಪ್ಪ ಮೈಕೇ. ಹಾಡೋ ಮೈಕಿಗೆ ಅಷ್ಟು ಕೆಳಗಿನ ಸ್ವರ ದಕ್ಕಲ್ಲ. ಇದು ನೆಲ ನಡುಗಿದ್ರೂ ಹಿಡಿಯುತ್ತೆ."

"ಒಳ್ಳೇ ಮೈಕು," ಎಂದರು ಮಾವ.

ಗುರುವಾರ ಮತ್ತೆ ತೋಪಿನ ತಾಲೀಮಿತ್ತು. ಆ ಹೊತ್ತಿಗೆ ಮಾವ ಎಲ್ಲರನ್ನೂ ಅದೇ ಸ್ಟುಡಿಯೋದಲ್ಲಿ ಕೂರಿಸಿದರು: ಕೈಗೆ ಬ್ಯಾಂಡೇಜು ಕಟ್ಟಿದ್ದ ವರ್ಷಿಣಿ, ದೇವಿರಮ್ಮ, ಇನ್ಸ್‌ಪೆಕ್ಟರ್ ರಾಮಯ್ಯ. ವಾಣಿ ಅದೇ ಮೈಕನ್ನು ಆಂಪ್ ಮುಂದಿಟ್ಟು ರೆಕಾರ್ಡಿಂಗ್ ಶುರುಮಾಡಿದಳು. ದೂರದಲ್ಲೆಲ್ಲೋ ತೋಪು ಹಾರಿತು. ಕಿವಿಗೆ ಬಿದ್ದದ್ದು ಅಷ್ಟಕ್ಕಷ್ಟೆ. ಪರದೆಯ ಮೇಲಿನ ಗೆರೆ ಮಾತ್ರ ಗುಡ್ಡದಂತೆ ಎದ್ದಿತು.

"ಸೋಮವಾರವೂ ಇದೇ ತೋಪು, ಇದೇ ಮೈಕು," ಎಂದರು ಮಾವ. "ನಿನ್ನ ರೆಕಾರ್ಡಿಂಗಲ್ಲಿ ನುಡಿಸದ ಬಿಡುವು ಬೇಕಾದಷ್ಟಿದೆ ಯೋಗೇಂದ್ರ. ಒಂದು ತೋಪೂ ಇಲ್ಲ."

"ಕೆಳಗಿನ ಸದ್ದು ಕತ್ತರಿಸಿದ್ದೆ."

"ಕತ್ತರಿಸಿದ್ರೆ ನಿನ್ನ ಬೇಸೂ ಅದರ ಜೊತೆ ಹೋಗ್ತಿತ್ತು ಕಣಪ್ಪ. ಲೈನಲ್ಲಿ ತಗೊಂಡೆ ಅಂದಿದ್ರೆ ನನ್ನ ಬಾಯಿ ಕಟ್ತಿತ್ತು; ಲೈನಿಗೆ ಹೊರಗಿನದು ಕೇಳಲ್ಲ. ನಿನಗೆ ಮೈಕಿನ ಜಂಬ. ಕಂಪ್ಯೂಟರಿನ ಗಡಿಯಾರ ತಿರುಗಿಸಿ ಯಾವತ್ತಿನದೋ ರೆಕಾರ್ಡಿಂಗಿಗೆ ಸೋಮವಾರದ ವೇಳೆ ಹಚ್ಚಿದೆ. ಸೋಮವಾರದ ತೋಪನ್ನ ನೀನು ಕೇಳಿದ್ದು ಬನ್ನಿಮಂಟಪದಲ್ಲಿ." ರಾಮಯ್ಯನ ಕಡೆ ತಿರುಗಿದರು. "ತೆರೆದಿದ್ದ ಶಟರ್ ಎಳೆಯೋಕೆ ಬೀಗದ ಕೈ ಯಾಕೆ ಸ್ವಾಮಿ?"

ವರ್ಷಿಣಿ ಯೋಗೇಂದ್ರನನ್ನು ಕೇಳಿದಳು: "ಶಟರ್ ಬಿದ್ದಾಗಲೇ ಬೆರಳು ಮುರಿದಿತ್ತಲ್ಲ ಸಾರ್. ಮತ್ತೆ ಯಾಕೆ ತುಳಿದ್ರಿ?"

ಅವನು ಪಾಠ ಹೇಳುವವನ ಹಾಗೆ ಅವಳ ಕೈ ನೋಡಿದ. "ಮುರಿದದ್ದು ಕೂಡ್ಕೊಳ್ಳುತ್ತೆ. ನುಜ್ಜಾದ್ದು ಕೂಡಲ್ಲ."

ರಾಮಯ್ಯ ಠಾಣೆಗೆ ಫೋನು ಮಾಡಿ ಮಹೇಶನನ್ನು ಬಿಡಲು ಹೇಳಿದರು. ದೇವಿರಮ್ಮ ಕೈ ಮುಗಿಯಲು ಹೋದವಳು ಆ ಬ್ಯಾಂಡೇಜು ಕಂಡು ಕೈ ಇಳಿಸಿದಳು. ವಾಣಿ ರೆಕಾರ್ಡಿಂಗ್ ನಿಲ್ಲಿಸಲು ಎದ್ದಳು.

"ಇರ್ಲಿ ಕಣಮ್ಮ," ಎಂದರು ಮಾವ.

ಯೋಗೇಂದ್ರನ ತಪ್ಪೊಪ್ಪಿಗೆಯನ್ನು ದಾಖಲಿಸಿಕೊಂಡಿದ್ದ ಆ ದಪ್ಪ ಮೈಕು, ಈಗ ವರ್ಷಿಣಿಯ ಗಂಟಲಿಂದ ಹೊರಟ ಕೆಳದನಿಯ ಅಳುವನ್ನೂ ಬಿಡದೆ ಹಿಡಿಯುತ್ತಿತ್ತು.